ದುಡ್ಡನ್ನು ತಿಂಗಳಲ್ಲಿ ಎಣಿಸಿದ ಐದು ವರ್ಷ

ಮನೆ ಸಾಲದ ಕೊನೆಯ ಕಂತು ಹೋದಾಗ ನನಗೆ 45. ಸಾಲ ತೀರಿದೆ ಅಂತ ಬ್ಯಾಂಕಿನಿಂದ ಒಂದು ಸಾಲಿನ ಮೆಸೇಜ್ ಬಂತು, ಅಷ್ಟೇ. ಮುಂದಿನ ತಿಂಗಳು 5ನೇ ತಾರೀಕು ದಾಟಿದರೂ ಖಾತೆಯಲ್ಲಿ ದುಡ್ಡು ಹಾಗೇ ಕೂತಿತ್ತು. ಹದಿನೈದು ವರ್ಷ ಪ್ರತಿ 5ಕ್ಕೆ ಮಾಯವಾಗುತ್ತಿದ್ದ ದುಡ್ಡದು. ಏನೋ ತಪ್ಪಾಗಿದೆ ಅನ್ನಿಸಿ ಎರಡು ಸಲ ತೆರೆದು ನೋಡಿದೆ.

ನಮ್ಮನೆಯವರು ಆಗಲೇ ಅದಕ್ಕೊಂದು ದಾರಿ ಹುಡುಕಿಬಿಟ್ಟಿದ್ದರು. "ಹೊಸ ಕಾರು ತಗೊಳ್ಳೋಣ ಕಣೇ. ಕಂತು ಕಟ್ಟೋದು ಹೇಗೂ ಅಭ್ಯಾಸ ಆಗಿದೆ."

"ಒಂದು ತಿಂಗಳು ತಡೀರಿ" ಅಂದೆ. ಯಾಕೆ ತಡೆಯಬೇಕು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಾನು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ಆ ತಿಂಗಳು ವರ್ಷದ ಕೊನೆಯ ಲೆಕ್ಕ ನಡೆಯುತ್ತಿತ್ತು. ಜೆರಾಕ್ಸ್ ಮೆಷಿನ್ನಿಗೆ ಸವಕಳಿ ಬರೆಯುತ್ತಿದ್ದೆ. ಇಷ್ಟು ವರ್ಷ ಓಡುತ್ತೆ, ಆಮೇಲೆ ಓಡಲ್ಲ, ಅದಕ್ಕೆ ಪ್ರತಿ ವರ್ಷ ಇಷ್ಟಿಷ್ಟು ಅಂತ ಪುಸ್ತಕದಲ್ಲಿ ಕಳೆಯಬೇಕು. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. 60ಕ್ಕೆ ನನ್ನನ್ನೂ ಕಳಿಸುತ್ತಾರೆ. ಇನ್ನು 15 ವರ್ಷ. ಮೆಷಿನ್ನಿಗೆ ಇರುವ ಲೆಕ್ಕ ನನಗಿರಲಿಲ್ಲ.

ನಮ್ಮನೆಯವರದ್ದು ಸ್ವಂತ ಕೆಲಸ. ಕೇಳಿದರೆ ನಕ್ಕರು. "ನನ್ನನ್ನ ರಿಟೈರ್ ಮಾಡೋರು ಯಾರಿದ್ದಾರೆ?" ಮಂಡಿ ಅಂದೆ. ಸುಮ್ಮನಾದರು. ಆ ವಾರವಿಡೀ ಅವರು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದೇ ಹತ್ತುತ್ತಿದ್ದರು.

ಎಲ್ಲಿಂದ ಶುರು ಮಾಡೋದು? ಮೊದಲು ಹುಡುಕಿದ್ದು ಎಲ್ಲರೂ ಹುಡುಕುವುದನ್ನೇ: ನಿವೃತ್ತಿಗೆ ಎಷ್ಟು ದುಡ್ಡು ಬೇಕು? ಬಂದ ಉತ್ತರಗಳಲ್ಲಿ ಸೊನ್ನೆಗಳೇ ಜಾಸ್ತಿ. ಒಬ್ಬೊಬ್ಬರದು ಒಂದೊಂದು ಅಂಕಿ. ಎಲ್ಲವೂ ಎದೆ ಒಡೆಯುವಂಥವೇ. ಎರಡು ರಾತ್ರಿ ಇದನ್ನೇ ಓದಿ ತಲೆ ಕೆಟ್ಟು ಮೂರನೇ ರಾತ್ರಿ ಎಲ್ಲ ಮುಚ್ಚಿಟ್ಟೆ. ಉತ್ತರ ನಮ್ಮ ಮನೆಯ ಖರ್ಚಿನಲ್ಲೇ ಇರಬೇಕು, ಹೊರಗೆ ಯಾರಿಗೋ ಹೇಗೆ ಗೊತ್ತಾಗುತ್ತೆ ಅನ್ನಿಸಿತು.

ಹಾಗಾಗಿ ಒಂದು ಉದ್ದನೆಯ ನೋಟ್‌ಬುಕ್ ತಂದು ಖರ್ಚು ಬರೆಯಲು ಕೂತೆ. ಆ್ಯಪ್‌ಗಳಿವೆ, ಗೊತ್ತು. ಆದರೆ ಕೈಯಲ್ಲಿ ಬರೆದರೆ ಒಂದು ಕ್ಷಣ ಕೈ ತಡೆಯುತ್ತೆ, ಆ ತಡೆ ನನಗೆ ಬೇಕಿತ್ತು. ಶುರು ಮಾಡುವ ಮೊದಲು ಮೊದಲ ಪುಟದಲ್ಲಿ ಒಂದು ಅಂದಾಜು ಬರೆದಿಟ್ಟೆ: ನಮ್ಮ ತಿಂಗಳ ಖರ್ಚು ಇಷ್ಟು ಅಂತ. ಲೆಕ್ಕದವಳು ನಾನು, ಹೆಚ್ಚುಕಮ್ಮಿ ಸರಿಯೇ ಇರುತ್ತೆ ಅಂದುಕೊಂಡಿದ್ದೆ.

ಒಂದು ವರ್ಷ ಬರೆದೆ, ನನಗೆ 46 ಆಯಿತು. ವರ್ಷದ ಮೊತ್ತವನ್ನು 12ರಿಂದ ಭಾಗಿಸಿದರೆ ನನ್ನ ಅಂದಾಜಿಗಿಂತ ಮೂರನೇ ಒಂದು ಭಾಗ ಜಾಸ್ತಿ ಬಂತು. ಮತ್ತೆ ಕೂಡಿಸಿದೆ. ಅಷ್ಟೇ.

ತಪ್ಪಿದ್ದು ಎಲ್ಲಿ ಅಂದರೆ, ತಿಂಗಳ ಖರ್ಚು ಅಂದಾಗ ತಿಂಗಳು ತಿಂಗಳು ಬರುವುದು ಮಾತ್ರ ನೆನಪಿಗೆ ಬರುತ್ತೆ. ವರ್ಷಕ್ಕೊಮ್ಮೆ ಬರುವುದು ಬರಲ್ಲ. ವಿಮೆ ಕಂತು, ಮನೆ ತೆರಿಗೆ, ಬಚ್ಚಲಿನ ಪೈಪು ಒಡೆದದ್ದು, ಹಲ್ಲಿಗೆ ಹಾಕಿಸಿದ ಕ್ಯಾಪು, ಬಿದ್ದು ಒಡೆದ ಫೋನು, ಮದುವೆಗಳಿಗೆ ಕೊಟ್ಟ ಉಡುಗೊರೆ. ಒಂದೊಂದು ಬಂದಾಗಲೂ "ಈ ತಿಂಗಳು ಮಾತ್ರ, ಇದು ಬೇರೆ" ಅಂತಲೇ ಅಂದುಕೊಂಡಿದ್ದೇನೆ. ಹನ್ನೆರಡು ತಿಂಗಳಲ್ಲಿ ಇಂಥ "ಬೇರೆ" ತಿಂಗಳು ಒಂಬತ್ತಿದ್ದವು!

ಆ ಮೊತ್ತದಿಂದ ಮಗಳ ಓದಿನ ಖರ್ಚು ತೆಗೆದೆ, ಅಷ್ಟೊತ್ತಿಗೆ ಅದು ಮುಗಿದಿರುತ್ತೆ. ನಾನು ಆಫೀಸಿಗೆ ಓಡಾಡುವ ಖರ್ಚನ್ನೂ ತೆಗೆದೆ. ಔಷಧಿಗೆ ಸ್ವಲ್ಪ, ಊರೂರು ತಿರುಗುವುದಕ್ಕೆ ಸ್ವಲ್ಪ ಸೇರಿಸಿದೆ. ಕೊನೆಗೆ ಒಂದು ಅಂಕಿ ಉಳಿಯಿತು. ಇವತ್ತಿನ ಬೆಲೆಯಲ್ಲಿ, ಕೆಲಸ ಬಿಟ್ಟ ಮೇಲೆ ನಾವಿಬ್ಬರು ಒಂದು ತಿಂಗಳು ನೆಮ್ಮದಿಯಾಗಿ ಇರಲು ಬೇಕಾದಷ್ಟು. ಅದರ ಸುತ್ತ ಒಂದು ಚೌಕ ಹಾಕಿ ಪಕ್ಕದಲ್ಲಿ "1 ತಿಂಗಳು" ಅಂತ ಬರೆದೆ.

ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ದುಡ್ಡು ಇಲ್ಲ. ಎಲ್ಲವೂ ತಿಂಗಳುಗಳೇ.

ನಮ್ಮ ಉಳಿತಾಯವನ್ನೆಲ್ಲ, ಅಂದರೆ ನನ್ನ ನಿವೃತ್ತಿ ನಿಧಿ, ಬ್ಯಾಂಕ್ ಠೇವಣಿ, ಅವರ ಹೆಸರಿನಲ್ಲಿದ್ದ ಚೂರುಪಾರು, ಒಟ್ಟು ಮಾಡಿ ಆ ಅಂಕಿಯಿಂದ ಭಾಗಿಸಿದೆ. 70 ಬಂತು. 22 ವರ್ಷ ದುಡಿದು 70 ತಿಂಗಳು. ಇವತ್ತೇ ಕೆಲಸ ಬಿಟ್ಟರೆ ಆರು ವರ್ಷ ಕೂಡ ಬರಲ್ಲ.

ಮಗಳು ಇಣುಕಿ ನೋಡಿದಳು. "ಅಮ್ಮ, ಇದೇನು 70 ತಿಂಗಳು?" ವಿವರಿಸಿದೆ. "ಅಂದ್ರೆ ಆ ಕಾರು ಎಷ್ಟು ತಿಂಗಳು?" ಅಂತ ಕೇಳಿದಳು. ಭಾಗಿಸಿ ನೋಡಿದೆ. 14. ಆ ಅಂಕಿ ಕೇಳಿ ನಮ್ಮನೆಯವರು ಟಿವಿ ಸೌಂಡು ಜಾಸ್ತಿ ಮಾಡಿಕೊಂಡರು.

ಇನ್ನು ಎಷ್ಟು ತಿಂಗಳು ಬೇಕು ಅನ್ನೋದು. ಇದಕ್ಕೆ ಎಷ್ಟು ವರ್ಷ ಬದುಕುತ್ತೇವೆ ಅನ್ನೋದು ಗೊತ್ತಿರಬೇಕು, ಅದು ಯಾರಿಗೆ ಗೊತ್ತು? 60 ಅನ್ನುವುದೂ ಯಾರೋ ಇಟ್ಟ ಗೆರೆ. 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಚಾನ್ಸಲರ್ ಆಗಿದ್ದ ಕಾಲದಲ್ಲಿ ವೃದ್ಧಾಪ್ಯ ವಿಮೆಯ ಕಾಯ್ದೆ ಬಂದಾಗ ವಯಸ್ಸು 70 ಇಟ್ಟಿದ್ದರು. 1916ರಲ್ಲಿ 65ಕ್ಕೆ ಇಳಿಸಿದರು. ಆ ಕಾಲದಲ್ಲಿ ಅಷ್ಟು ವರ್ಷ ಬದುಕುತ್ತಿದ್ದವರೇ ಕಮ್ಮಿ. ಈಗ ಹಾಗಲ್ಲ. ನಮ್ಮ ಮನೆತನದಲ್ಲಿ ಹೆಂಗಸರು ಗಟ್ಟಿ. ಹಾಗಾಗಿ ನನ್ನ 90ರವರೆಗೆ ಲೆಕ್ಕ ಹಾಕಿದೆ. 60ರಿಂದ 90, ಮೂವತ್ತು ವರ್ಷ, 360 ತಿಂಗಳು.

ಇಲ್ಲಿ ಬೆಲೆ ಏರಿಕೆಯ ಮಾತು ಬಂತು. 72ನ್ನು ಬೆಲೆ ಏರುವ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಬೆಲೆ ದುಪ್ಪಟ್ಟಾಗುತ್ತೆ ಅಂತ ಸಿಗುತ್ತೆ. ಶೇ 6 ಅಂದರೆ 12 ವರ್ಷ. ನನ್ನ ವಯಸ್ಸಿಗೆ ಹಾಕಿ ನೋಡಿ: 58ಕ್ಕೆ ಎರಡು ಪಟ್ಟು, 70ಕ್ಕೆ ನಾಲ್ಕು, 82ಕ್ಕೆ ಎಂಟು ಪಟ್ಟು. ದುಡ್ಡಿನಲ್ಲಿ ಎಣಿಸಿದರೆ ಇದು ಹೆದರಿಸುತ್ತೆ. ತಿಂಗಳಲ್ಲಿ ಎಣಿಸಿದರೆ ಕೆಲಸ ಒಂದೇ, ಪ್ರತಿ ವರ್ಷ ಆ ಚೌಕದೊಳಗಿನ ಅಂಕಿಯನ್ನು ಹೊಸದಾಗಿ ಬರೆಯುವುದು. ನಮ್ಮ ದುಡ್ಡು ಬೆಲೆಯ ಜೊತೆಜೊತೆಗೆ ಬೆಳೆದರೆ ತಿಂಗಳು ಅಷ್ಟೇ ಇರುತ್ತೆ. ಹಿಂದೆ ಬಿದ್ದರೆ ಕರಗುತ್ತೆ.

ಕರಗೋದು ಹೇಗೆ ಅಂತ ಮೊದಲ ವರ್ಷವೇ ಕಂಡೆ. ನಮ್ಮ ಠೇವಣಿಯಲ್ಲಿ 100 ಇದ್ದದ್ದು 107 ಆಗಿತ್ತು. ಬಡ್ಡಿಯ ಮೇಲೆ ಐದನೇ ಒಂದು ಭಾಗ ತೆರಿಗೆ ಹೋಗಿ ಉಳಿದದ್ದು 105.6. ನನ್ನ ಚೌಕದೊಳಗಿನ 100 ಮಾತ್ರ 106 ಆಗಿತ್ತು. ಪಾಸ್‌ಬುಕ್ಕಿನಲ್ಲಿ ಅಂಕಿ ದೊಡ್ಡದಾಗಿತ್ತು, ತಿಂಗಳು ಚಿಕ್ಕದಾಗಿತ್ತು. ಠೇವಣಿಯೇ ಸೇಫು ಅಂತ ಇಪ್ಪತ್ತು ವರ್ಷ ನಂಬಿದ್ದವಳು ನಾನು. ದುಡ್ಡು ಎಲ್ಲೂ ಹೋಗಿರಲಿಲ್ಲ ನಿಜ, ಅದರಲ್ಲಿ ಬರುವ ಸಾಮಾನು ಮಾತ್ರ ಕಮ್ಮಿಯಾಗಿತ್ತು.

ಮುಂದಿನದಕ್ಕೆ ಒಂದು ಅಂದಾಜು ಬೇಕಿತ್ತು. ಬೆಲೆ ಏರಿಕೆ ಕಳೆದು ವರ್ಷಕ್ಕೆ ಶೇ 3 ಬೆಳೆದರೆ ಅಂತ ಇಟ್ಟುಕೊಂಡೆ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡು ಖುಷಿಪಡೋದು ಸುಲಭ, ಆದರೆ ಆ ಖುಷಿಯ ಬಿಲ್ಲು 60ಕ್ಕೆ ಬರುತ್ತೆ. ಸಾಲದ ಕಂತಿನ ದುಡ್ಡೂ ಸೇರಿದರೆ ನಾವು ತಿಂಗಳಿಗೆ ಸರಿಯಾಗಿ ಒಂದು ತಿಂಗಳು ಉಳಿಸಬಹುದಿತ್ತು. 14 ವರ್ಷಕ್ಕೆ ಲೆಕ್ಕ ಹಾಕಿದೆ. ಇದ್ದ 70 ಬೆಳೆದು 106. ಹೊಸದಾಗಿ ಕೂಡಿಟ್ಟದ್ದು 205. ಒಟ್ಟು 311. ಬೇಕಾದದ್ದು 360. ಕೊರತೆ 49.

ನಾಲ್ಕು ವರ್ಷ ಗಾಳಿ ಕುಡಿದು ಬದುಕಬೇಕು ಅಂತಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕ್ಯಾಲ್ಕ್ಯುಲೇಟರ್ ಹಿಡಿದು ಅಡುಗೆಮನೆಯ ದೀಪದ ಕೆಳಗೆ ಕೂತೆ. ಎಲ್ಲಿ ಎಳೆದರೆ ಎಷ್ಟು ಬರುತ್ತೆ ನೋಡೋಣ ಅಂತ.

ಮೊದಲು ಇನ್ನೆರಡು ವರ್ಷ ದುಡಿದರೆ ಏನಾಗುತ್ತೆ ನೋಡಿದೆ. ನಮ್ಮ ಕಂಪನಿ 60ಕ್ಕೆ ಕಳಿಸಿದರೂ ಹೊರಗೆ ಚಿಕ್ಕಪುಟ್ಟ ಅಂಗಡಿಗಳ ಲೆಕ್ಕ ಬರೆದುಕೊಡಬಹುದು. ಉಳಿಸೋದು ಬೇಡ, ಆ ಎರಡು ವರ್ಷದ ಮನೆ ಖರ್ಚು ನಡೆದರೆ ಸಾಕು, ಇಟ್ಟ ದುಡ್ಡಿಗೆ ಕೈ ಹಾಕದಿದ್ದರೆ ಸಾಕು. 311 ಬೆಳೆದು 330 ಆಗುತ್ತೆ. 62ರಿಂದ 90ಕ್ಕೆ ಬೇಕಾಗುವುದು 336 ಮಾತ್ರ. 49ರ ಕೊರತೆ 6ಕ್ಕೆ ಇಳಿಯಿತು! ಹಗ್ಗ ಎರಡೂ ಕಡೆಯಿಂದ ಹತ್ತಿರ ಬರುತ್ತೆ. ಇಡುವ ದುಡ್ಡು ಬೆಳೆಯುತ್ತೆ, ತಿನ್ನುವ ವರ್ಷ ಕಮ್ಮಿಯಾಗುತ್ತೆ.

ಆಮೇಲೆ ಖರ್ಚು. ನಿವೃತ್ತಿಯ ತಿಂಗಳ ಖರ್ಚನ್ನು ಹತ್ತನೇ ಒಂದು ಭಾಗ ಇಳಿಸಿದೆ ಅಂದುಕೊಳ್ಳಿ. ಅದೇ 311 ತಿಂಗಳು 345 ಆಗಿಬಿಡುತ್ತೆ. ಒಂದು ಪೈಸೆ ಹೊಸದಾಗಿ ಸೇರಿಸದೆ 34 ತಿಂಗಳು ಹುಟ್ಟಿತು. ಇದು ದುಡ್ಡಿನಲ್ಲಿ ಎಣಿಸುವಾಗ ನನಗೆ ಕಂಡಿರಲೇ ಇಲ್ಲ. ಬಡ್ಡಿ ದರ ಅರ್ಧ ಶೇಕಡಾ ಜಾಸ್ತಿ ಎಲ್ಲಿ ಸಿಗುತ್ತೆ ಅಂತ ಹುಡುಕುವುದರಲ್ಲೇ ಇದ್ದೆ.

ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಮಲಗಿದೆ. ಎರಡನ್ನೂ ಒಟ್ಟಿಗೆ ಮಾಡಿದರೆ ದಡ ಸೇರಬಹುದು ಅನ್ನಿಸಿತು.

360 ಸರಿಯಾ, ಜಾಸ್ತಿಯಾ ಅಂತ ತಾಳೆ ನೋಡಲು ಇನ್ನೊಂದು ಲೆಕ್ಕ ಸಿಕ್ಕಿತು. ವಿಲಿಯಂ ಬೆಂಗೆನ್ ಅನ್ನುವ ಅಮೆರಿಕದ ಹಣಕಾಸು ಸಲಹೆಗಾರರು 1994ರಲ್ಲಿ ಒಂದು ಲೇಖನ ಬರೆದರು. 1926ರಿಂದ ಮುಂದಿನ ಅಲ್ಲಿನ ಷೇರು, ಬಡ್ಡಿ ಕೊಡುವ ಸಾಲಪತ್ರ ಅಂದರೆ ಬಾಂಡ್‌ಗಳ ಅಂಕಿ ಹಿಡಿದು, ಬೇರೆ ಬೇರೆ ವರ್ಷ ನಿವೃತ್ತರಾದವರು ಎಷ್ಟು ತೆಗೆದರೆ 30 ವರ್ಷ ದುಡ್ಡು ಖಾಲಿಯಾಗಲ್ಲ ಅಂತ ನೋಡಿದರು. ಮೊದಲ ವರ್ಷ ಒಟ್ಟು ದುಡ್ಡಿನ ಶೇ 4, ಆಮೇಲೆ ಬೆಲೆ ಏರಿದಷ್ಟು ಏರಿಸುತ್ತಾ ಹೋದರೆ, ತೀರಾ ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ ಸಾಲುತ್ತಿತ್ತು. ಶೇ 4 ಅಂದರೆ 25 ವರ್ಷದ ಖರ್ಚು, ನನ್ನ ಭಾಷೆಯಲ್ಲಿ 300 ತಿಂಗಳು. ಆದರೆ ಅದು ಒಂದು ದೇಶದ ಚರಿತ್ರೆ, ಅದೂ ಷೇರು ಚೆನ್ನಾಗಿ ಬೆಳೆದ ದೇಶದ್ದು. ನಾನು 300 ನಮ್ಮ ಬದುಕಿಗೆ, 60 ಆಸ್ಪತ್ರೆಗೆ ಅಂತ ಮನಸ್ಸಿನಲ್ಲಿ ಭಾಗ ಮಾಡಿ 360ನ್ನೇ ಉಳಿಸಿಕೊಂಡೆ. ಇನ್ನೊಂದು ಸಮಾಧಾನವೂ ಸಿಕ್ಕಿತು. 360 ತಿಂಗಳು ಇಟ್ಟುಕೊಂಡು, ಅದು ಬೆಲೆ ಏರಿಕೆಗಿಂತ ವರ್ಷಕ್ಕೆ ಬರೀ ಶೇ 1 ಜಾಸ್ತಿ ಬೆಳೆದರೂ 30 ವರ್ಷದ ಬದಲು 35 ವರ್ಷ ಬರುತ್ತೆ. 95ರವರೆಗೆ. ಅಷ್ಟು ಸಾಕು ಮಾರಾಯ್ರೆ.

ಷೇರಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ನಮ್ಮನೆಯವರು ಎಲ್ಲೋ ಓದಿಕೊಂಡು ಬಂದು ಕೂತರು. "ಜಪಾನ್ ನೋಡು. 1989ರ ಕೊನೆಯಲ್ಲಿ ಅಲ್ಲಿನ ಷೇರು ಪೇಟೆಯ ನಿಕ್ಕಿ ಸೂಚ್ಯಂಕ 38,900 ದಾಟಿತ್ತು. ಮತ್ತೆ ಅಲ್ಲಿಗೆ ಬಂದಿದ್ದು 2024ರಲ್ಲಿ. 34 ವರ್ಷ! ನಮ್ಮಿಬ್ಬರ ಕಥೆನೇ ಮುಗಿದಿರುತ್ತೆ." ಮಾತು ಸುಳ್ಳಲ್ಲ. ಅದಕ್ಕೇ ಎಲ್ಲ ದುಡ್ಡನ್ನೂ ಒಂದೇ ಕಡೆ, ಒಂದೇ ದಿನ ಹಾಕಬಾರದು ಅಂತ ನಾನು. ಎರಡು ವಾರ ಎಳೆದಾಡಿ ಅರ್ಧಕ್ಕೆ ಒಪ್ಪಿದೆವು. ಹೊಸದಾಗಿ ಉಳಿಸುವುದರಲ್ಲಿ ಅರ್ಧ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ, ತಿಂಗಳು ತಿಂಗಳು. ಉಳಿದರ್ಧ ಠೇವಣಿ, ಬಾಂಡು, ನಿವೃತ್ತಿ ನಿಧಿಗೆ.

ಇಂಡೆಕ್ಸ್ ಫಂಡ್ ಯಾಕೆ ಅಂದರೆ ಶುಲ್ಕ ಕಮ್ಮಿ. ವರ್ಷಕ್ಕೆ ಶೇ 2 ಶುಲ್ಕ ಅಂದರೆ ಏನು ಮಹಾ ಅನ್ನಿಸುತ್ತೆ. 20 ವರ್ಷ ಹಾಗೇ ಕೊಡುತ್ತಾ ಹೋದರೆ ಕೊನೆಯಲ್ಲಿ ಸಿಗಬೇಕಾದದ್ದರಲ್ಲಿ ಮೂರನೇ ಒಂದು ಭಾಗ ಅದಕ್ಕೇ ಹೋಗಿರುತ್ತೆ. ಅದೇ ಶೇ 0.2 ಆದರೆ ಹೋಗುವುದು ಶೇ 4ರಷ್ಟು. ಇದನ್ನು ನಾನೇ ಹಾಕಿ ನೋಡಿದ ದಿನ ಹಳೆ ಫೈಲು ತೆಗೆದೆ.

ಫೈಲಿನಲ್ಲಿ ಎರಡು ಪಾಲಿಸಿ ಇದ್ದವು. ಎಷ್ಟೋ ವರ್ಷದ ಹಿಂದೆ ಪರಿಚಯದ ಒಬ್ಬರು ಮನೆಗೆ ಬಂದು, ವಿಮೆಯೂ ಆಗುತ್ತೆ ಉಳಿತಾಯವೂ ಆಗುತ್ತೆ ಅಂತ ಮಾಡಿಸಿದ್ದು. ಒಳ್ಳೆ ಮನುಷ್ಯರೇ. ಅವರು ತೋರಿಸಿದ ಕಾಗದದಲ್ಲಿ ಕೊನೆಗೆ ಸಿಗುವ ಮೊತ್ತ ದಪ್ಪ ಅಕ್ಷರದಲ್ಲಿತ್ತು, ಅದು ಎಷ್ಟು ವರ್ಷದ ಮೇಲೆ ಅನ್ನೋದು ಸಣ್ಣ ಅಕ್ಷರದಲ್ಲಿ. ಕಟ್ಟಿದ ಕಂತು, ಬರುವ ದುಡ್ಡು, ತಾರೀಕು ಎಲ್ಲ ಹಾಕಿ ನೋಡಿದರೆ ವರ್ಷಕ್ಕೆ ಶೇ 4.5 ಕೂಡ ಬೀಳುತ್ತಿರಲಿಲ್ಲ. ವಿಮೆ ಮೊತ್ತವಾದರೂ ದೊಡ್ಡದಾ ಅಂದರೆ, ನಾನು ಇಲ್ಲವಾದರೆ ಮನೆಗೆ ಸಿಗುತ್ತಿದ್ದದ್ದು ಹನ್ನೊಂದು ತಿಂಗಳು. ಹನ್ನೊಂದು! ಲೆಕ್ಕದವಳಾಗಿ ಇದನ್ನು ಆವತ್ತೇ ಮಾಡಬಹುದಿತ್ತು. ಮನೆಗೆ ಬಂದವರ ಮುಂದೆ ಕ್ಯಾಲ್ಕ್ಯುಲೇಟರ್ ತೆಗೆಯೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ, ಅಷ್ಟೇ.

ಒಂದನ್ನು ನಿಲ್ಲಿಸಿದೆ, ಕಟ್ಟಿದ್ದರಲ್ಲಿ ಸ್ವಲ್ಪ ಕಳೆದುಕೊಂಡೆ. ಇನ್ನೊಂದಕ್ಕೆ ಎರಡೇ ವರ್ಷ ಬಾಕಿಯಿತ್ತು, ಮುರಿದರೆ ನಷ್ಟ ಜಾಸ್ತಿ, ಅದನ್ನು ಮುಗಿಸಿದೆ. ಅದರ ಬದಲು ಬರೀ ಟರ್ಮ್ ವಿಮೆ, ಅಂದರೆ ಆ ಅವಧಿಯಲ್ಲಿ ಸತ್ತರೆ ಮಾತ್ರ ದುಡ್ಡು ಬರುವುದು, ಮಾಡಿಸಿದೆ, 60ರವರೆಗೆ ಮಾತ್ರ. ಅಷ್ಟೊತ್ತಿಗೆ ನನ್ನ ಸಂಬಳದ ಮೇಲೆ ಯಾರೂ ನಿಂತಿರಲ್ಲ. ಆಸ್ಪತ್ರೆ ವಿಮೆಯನ್ನು ಮಾತ್ರ ಆಫೀಸಿನದು ಇದ್ದರೂ ಬೇರೆಯಾಗಿ ಆಗಲೇ ಮಾಡಿಸಿದೆವು. ಆಫೀಸಿನದು ಕೆಲಸ ಬಿಟ್ಟ ದಿನವೇ ನಿಲ್ಲುತ್ತೆ. ಬಿಪಿ, ಶುಗರ್ ಎಲ್ಲ ಬಂದ ಮೇಲೆ 60ಕ್ಕೆ ಹೋಗಿ ಕೇಳಿದರೆ ಯಾರು ಸುಲಭಕ್ಕೆ ಕೊಡುತ್ತಾರೆ?

ಉಳಿಸುವುದರಲ್ಲಿ ನಮಗೆ ದೊಡ್ಡ ಸಹಾಯ ಮಾಡಿದ್ದು ಆ 5ನೇ ತಾರೀಕು. ಸಾಲದ ಕಂತು ಹೋಗುತ್ತಿದ್ದ ದಿನವೇ ಅಷ್ಟೇ ದುಡ್ಡು ತಾನಾಗಿ ಹೋಗುವಂತೆ ಮಾಡಿದೆ. ಹದಿನೈದು ವರ್ಷ ಇಲ್ಲದೆ ಬದುಕಿದ ದುಡ್ಡು, ಹಾಗಾಗಿ ಅದು ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಸಂಬಳ ಏರಿದಾಗ ಏರಿದ್ದರಲ್ಲಿ ಅರ್ಧ ಮೊದಲ ತಿಂಗಳೇ ಅದಕ್ಕೆ ಸೇರಿಸುವುದು ಅಂತಲೂ ಮುಂಚೆಯೇ ಬರೆದಿಟ್ಟೆ. ಈ ಉಪಾಯ ನನ್ನದಲ್ಲ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ನೌಕರರ ಮೇಲೆ ಇದನ್ನು ಮಾಡಿ ನೋಡಿ 2004ರಲ್ಲಿ ಬರೆದಿದ್ದಾರೆ. ಈಗ ಬೇಡ, ಮುಂದಿನ ಸಲ ಸಂಬಳ ಏರಿದಾಗ ಜಾಸ್ತಿ ಉಳಿಸಿ ಅಂದಾಗ ಜನ ಒಪ್ಪಿಕೊಂಡರಂತೆ. ಅವರ ಉಳಿತಾಯ ಸಂಬಳದ ಶೇ 3.5 ಇದ್ದದ್ದು 40 ತಿಂಗಳಲ್ಲಿ ಶೇ 13.6 ಆಯಿತು. ಕೈಗೆ ಬಂದು ಹೋದರೆ ನೋವು. ಬರುವ ಮೊದಲೇ ಹೋದರೆ ಏನೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎರಡನೇ ವರ್ಷ ನಾನೇ ಎಡವಿದೆ. ಷೇರು ಪೇಟೆ ಬಿತ್ತು. ನಾವು ಹಾಕಿದ್ದರಲ್ಲಿ ಐದನೇ ಒಂದು ಭಾಗ ಕಾಣಲಿಲ್ಲ. ದಿನಾ ಬೆಳಗ್ಗೆ ಎದ್ದು ಮೊದಲು ಅದನ್ನೇ ನೋಡುವುದು, ಆಮೇಲೆ ಮುಖ ತೊಳೆಯುವುದು. ಮೂರನೇ ವಾರ ತಿಂಗಳ ಕಂತು ನಿಲ್ಲಿಸಿಬಿಟ್ಟೆ. ಸ್ವಲ್ಪ ಸರಿಹೋಗಲಿ, ಆಮೇಲೆ ಹಾಕಿದರಾಯಿತು ಅಂತ. ಸರಿಹೋಯಿತು ಅಂತ ನನಗೆ ಧೈರ್ಯ ಬರುವ ಹೊತ್ತಿಗೆ ಏಳು ತಿಂಗಳಾಗಿತ್ತು. ಪೇಟೆ ನಾನು ನಿಲ್ಲಿಸಿದ ಮಟ್ಟಕ್ಕಿಂತ ಮೇಲೆ ಹೋಗಿತ್ತು. ಅಗ್ಗ ಇದ್ದಾಗ ಬಿಟ್ಟು ದುಬಾರಿಯಾದ ಮೇಲೆ ಕೊಂಡೆ. ಜಪಾನ್ ಕಥೆ ಹೇಳಿದವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಆ ಭಯದಿಂದ ಒಂದು ಒಳ್ಳೆಯದಾಯಿತು. ಇದೇ ಪೆಟ್ಟು ನನಗೆ 60ರಲ್ಲಿ ಬಿದ್ದಿದ್ದರೆ ಅಂತ ಯೋಚಿಸಿದೆ. ಕೂಡಿಡುವಾಗ ಪೇಟೆ ಬಿದ್ದರೆ ಕಾಯಬಹುದು. ತೆಗೆದು ತಿನ್ನುವಾಗ ಬಿದ್ದರೆ? ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಎರಡರಲ್ಲೂ 300 ತಿಂಗಳು. ಪ್ರತಿ ವರ್ಷದ ಶುರುವಿಗೆ 12 ತಿಂಗಳು ತೆಗೆಯುವುದು. ಮೂರು ವರ್ಷ. ಮೊದಲ ಕಾಲಮ್ಮಿನಲ್ಲಿ ಶೇ 30 ಬೀಳುತ್ತೆ, ಆಮೇಲೆ ಅಲ್ಲೇ ನಿಲ್ಲುತ್ತೆ, ಆಮೇಲೆ ಶೇ 30 ಏರುತ್ತೆ. ಎರಡನೆಯದರಲ್ಲಿ ಮೊದಲು ಏರುತ್ತೆ, ನಿಲ್ಲುತ್ತೆ, ಆಮೇಲೆ ಬೀಳುತ್ತೆ. ದುಡ್ಡು ತೆಗೆಯದೇ ಇದ್ದರೆ ಎರಡೂ 273ಕ್ಕೇ ಬಂದು ನಿಲ್ಲುತ್ತವೆ. ತೆಗೆಯುತ್ತಾ ಹೋದರೆ ಮೊದಲನೆಯದು 231, ಎರಡನೆಯದು 245. ಅದೇ ಮೂರು ಅಂಕಿ, ಬಂದ ಸರದಿ ಮಾತ್ರ ಬೇರೆ, ಒಂದು ವರ್ಷಕ್ಕಿಂತ ಜಾಸ್ತಿಯ ಬದುಕು ಮಾಯ. ಬಿದ್ದಾಗ ಮಾರಿ ತಿಂದದ್ದು ಮತ್ತೆ ಏರಲು ಇರುವುದೇ ಇಲ್ಲವಲ್ಲ.

ಅದಕ್ಕೆ ನಾವು ಮಾಡಿಕೊಂಡ ಏರ್ಪಾಡು ಇಷ್ಟು. 55 ದಾಟಿದ ಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಷೇರಿನಿಂದ ತೆಗೆದು ಈಚೆ ತರುವುದು. 60ಕ್ಕೆ ಬರುವ ಹೊತ್ತಿಗೆ 36 ತಿಂಗಳು ಠೇವಣಿಯಲ್ಲಿ, ಮುಂದಿನ 84 ತಿಂಗಳು ಬಾಂಡು ಮುಂತಾದವುಗಳಲ್ಲಿ ಇರಬೇಕು. ಉಳಿದದ್ದು ಷೇರಿನಲ್ಲಿ, ಹತ್ತು ವರ್ಷ ಅದನ್ನು ಮುಟ್ಟುವ ಗರಜು ಬೀಳಬಾರದು. ಪೇಟೆ ಏರಿದ ವರ್ಷ ಅಲ್ಲಿಂದ ತೆಗೆದು ಠೇವಣಿಯ ಭಾಗ ತುಂಬಿಸುವುದು, ಬಿದ್ದ ವರ್ಷ ಸುಮ್ಮನಿರುವುದು.

ಬದುಕಿರುವವರೆಗೂ ತಿಂಗಳು ತಿಂಗಳು ಇಷ್ಟು ಅಂತ ಕೊಡುವ ಆನ್ಯುಟಿ ಬಗ್ಗೆಯೂ ನೋಡಿದೆ. ಹಳೆಯ ವ್ಯಾಪಾರ ಇದು. ಧೂಮಕೇತುವಿಗೆ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಊರಿನ ಹುಟ್ಟು ಸಾವಿನ ಪಟ್ಟಿ ಹಿಡಿದು, ಯಾವ ವಯಸ್ಸಿನವರಿಗೆ ಇದನ್ನು ಎಷ್ಟಕ್ಕೆ ಮಾರಬೇಕು ಅಂತ ಲೆಕ್ಕ ಹಾಕಿದ್ದರು. ಬೇಗ ಹೋದವರ ದುಡ್ಡು ಉಳಿದವರ ಬದುಕಿಗೆ ಬರುತ್ತೆ, ಒಳಗಿನ ಲೆಕ್ಕ ಅಷ್ಟೇ. ನೂರು ವರ್ಷ ಬದುಕಿದರೂ ನಿಲ್ಲಲ್ಲ ಅನ್ನೋದು ಚೆಂದ. ಆದರೆ ನಾನು ನೋಡಿದವುಗಳಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತಿರಲಿಲ್ಲ, ಬೆಲೆ ಏರಿದರೂ ತಿಂಗಳ ಮೊತ್ತ ಏರುತ್ತಿರಲಿಲ್ಲ. 82ಕ್ಕೆ ಎಂಟು ಪಟ್ಟು ಅನ್ನುವ ಸಾಲು ನೆನಪಾಯಿತು. 60ಕ್ಕೆ ಬೇಡ, 70ರ ಸುಮಾರಿಗೆ ಒಂದಿಷ್ಟಕ್ಕೆ ತೆಗೆದುಕೊಳ್ಳೋಣ ಅಂತ ಬರೆದಿಟ್ಟಿದ್ದೇನೆ. ವಯಸ್ಸು ಜಾಸ್ತಿಯಾದಷ್ಟೂ ಅದೇ ದುಡ್ಡಿಗೆ ತಿಂಗಳಿಗೆ ಜಾಸ್ತಿ ಸಿಗುತ್ತೆ. ಆಗಿನ ಬುದ್ಧಿ ಏನು ಹೇಳುತ್ತೋ.

ಮೂರನೇ ವರ್ಷ ಹದಿನೈದು ದಿನ ರಜೆ ಹಾಕಿ ಮನೆಯಲ್ಲೇ ಇದ್ದೆ. ನಿವೃತ್ತಿ ಹೇಗಿರುತ್ತೆ ಅಂತ ರುಚಿ ನೋಡೋಣ ಅಂತಲೇ. ಖರ್ಚು ಇಳಿಯುತ್ತೆ ಅಂದುಕೊಂಡಿದ್ದೆ. ಏರಿತು! ಆಫೀಸಿನಲ್ಲಿ ಕೂತಾಗ ದುಡ್ಡು ಖರ್ಚು ಮಾಡಲು ಪುರುಸೊತ್ತೇ ಇರಲ್ಲ. ಮನೆಯಲ್ಲಿದ್ದರೆ ಹನ್ನೊಂದು ಗಂಟೆಗೆ ಹೊರಗೆ ಹೋಗಬೇಕು ಅನ್ನಿಸುತ್ತೆ. ಗೋಡೆಯ ಬಣ್ಣ ಮಾಸಿರುವುದು ಕಣ್ಣಿಗೆ ಬೀಳುತ್ತೆ. ಆಫೀಸಿನ ಕರೆಂಟು, ಆಫೀಸಿನ ಕಾಫಿ ಇರಲ್ಲ. ಚೌಕದೊಳಗಿನ ಅಂಕಿಯನ್ನು ಸ್ವಲ್ಪ ಏರಿಸಿದೆ. ತಕ್ಷಣ ಒಟ್ಟು ತಿಂಗಳು ಇಳಿಯಿತು. ಬೇಜಾರಾಯಿತು. ಆದರೆ 48ರಲ್ಲಿ ಬೇಜಾರಾಗುವುದೇ ಮೇಲು.

ಈ ಕೆಲಸದಲ್ಲಿ ತುಂಬಾ ಕಷ್ಟವಾದದ್ದು ದುಡ್ಡಲ್ಲ, ಕಾಗದ. ಒಂದು ಭಾನುವಾರ ನಮ್ಮನೆಯವರನ್ನು ಕೂರಿಸಿ ಕೇಳಿದೆ. "ರೀ, ನಾಳೆ ನಾನಿಲ್ಲ ಅಂದ್ರೆ ಇದೆಲ್ಲ ಎಲ್ಲಿದೆ ಅಂತ ಗೊತ್ತಾ?"

"ಬೆಳಗ್ಗೆ ಬೆಳಗ್ಗೆ ಎಂಥ ಮಾತು ನಿಂದು."

"ಗೊತ್ತಾ?"

ಗೊತ್ತಿರಲಿಲ್ಲ. ಅವರ ಕಡೆಯದು ನನಗೂ ಗೊತ್ತಿರಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಹರಡಿದೆವು. ಒಂದು ಹಳೆಯ ಖಾತೆಗೆ ನಾಮಿನಿ ಅವರ ತಾಯಿ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನ್ನ ನಿವೃತ್ತಿ ನಿಧಿಯಲ್ಲಿ ಮದುವೆಗೆ ಮುಂಚಿನ ಹೆಸರು, ಮದುವೆಗೆ ಮುಂಚಿನ ಸಹಿ. ಎರಡು ಕಡೆ ಹುಟ್ಟಿದ ತಾರೀಕೇ ಬೇರೆ ಬೇರೆ. ಹೆಸರು ಸರಿ ಮಾಡಿಸಲು ಒಂದು ಕಚೇರಿಗೆ ಐದು ಸಲ ಅಲೆದೆ. ಐದನೇ ಸಲ ಕೌಂಟರಿನಲ್ಲಿದ್ದ ಹುಡುಗ, "ಮೇಡಂ, ಇದನ್ನ ನೀವು ಕೆಲಸದಲ್ಲಿರುವಾಗಲೇ ತಂದಿದ್ದು ಒಳ್ಳೇದಾಯ್ತು. ರಿಟೈರ್ ಆದ್ಮೇಲೆ ಬರೋರದ್ದು ವರ್ಷಗಟ್ಟಲೆ ಎಳೆಯುತ್ತೆ" ಅಂದ. ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಈಗ ಒಂದು ಹಾಳೆ ಇದೆ. ಯಾವುದು ಎಲ್ಲಿದೆ, ನಾಮಿನಿ ಯಾರು, ಯಾರಿಗೆ ಫೋನ್ ಮಾಡಬೇಕು. ಬೀರುವಿನಲ್ಲಿದೆ, ಮಗಳಿಗೂ ಗೊತ್ತು. ವಿಲ್ ಬರೆಯುವುದು ಮಾತ್ರ ಇನ್ನೂ ಆಗಿಲ್ಲ. ಪ್ರತಿ ಸಲ ಕೂತಾಗಲೂ ಏನೋ ಒಂದು ಕೆಲಸ ನೆನಪಾಗಿ ಇಬ್ಬರೂ ಏಳುತ್ತೇವೆ.

ನನಗೀಗ 51. ಪ್ರತಿ ವರ್ಷ ಹುಟ್ಟಿದ ದಿನ ಚೌಕದೊಳಗಿನ ಅಂಕಿ ಹೊಸದಾಗಿ ಬರೆದು ಭಾಗಿಸುತ್ತೇನೆ. ಹಾಕಿಕೊಂಡ ಲೆಕ್ಕದ ಪ್ರಕಾರ ಈ ವರ್ಷ 145 ಇರಬೇಕಿತ್ತು. ಇರುವುದು 131. ನಾನು ಹೆದರಿ ಬಿಟ್ಟ ಏಳು ತಿಂಗಳ ಕಂತು, ಛಾವಣಿ ಸೋರಿದ್ದಕ್ಕೆ ಹೋದದ್ದು, ರಜೆಯ ಮೇಲೆ ಏರಿಸಿಕೊಂಡ ಖರ್ಚು, ಎಲ್ಲ ಅದರಲ್ಲಿ ಕಾಣುತ್ತವೆ. ಅದಕ್ಕೇ 60ರ ಬದಲು 62, ಆ ಎರಡು ವರ್ಷ ಅಂಗಡಿಗಳ ಲೆಕ್ಕ ಅನ್ನೋದು ಈಗ ನಮ್ಮ ಮನೆಯಲ್ಲಿ ಹೆಚ್ಚುಕಮ್ಮಿ ತೀರ್ಮಾನವಾದ ಮಾತು. ಮೊನ್ನೆ ಮಗಳು ಫೋನಿನಲ್ಲಿ "ಎಷ್ಟು ತಿಂಗಳಾಯ್ತಮ್ಮ?" ಅಂದಳು. ನಾನು ಗಟ್ಟಿಯಾಗಿ "ನೂರಾ ಮೂವತ್ತೊಂದು" ಅಂದೆ. ಲಿಫ್ಟಿನಲ್ಲಿ ಪಕ್ಕದಲ್ಲಿದ್ದವರು ನನ್ನ ಹೊಟ್ಟೆ ಕಡೆ ಒಂದು ಸಲ ನೋಡಿ ಬೇರೆ ಕಡೆ ತಿರುಗಿಕೊಂಡರು.

ನಮ್ಮ ಹಳೆ ಕಾರು ಈಗ ಬೆಳಗ್ಗೆ ಮೂರು ಸಲ ಕೆಮ್ಮಿ ಆಮೇಲೆ ಸ್ಟಾರ್ಟ್ ಆಗುತ್ತೆ. ಹೋದ ವಾರ ನಮ್ಮನೆಯವರು ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ನಾನು ಕೇಳುವ ಮೊದಲೇ ಶುರು ಮಾಡಿದರು. "ಹೊಸದು ಬೇಡ ಬಿಡು, ಹದಿಮೂರೂವರೆ ತಿಂಗಳಾಗುತ್ತೆ. ಒಬ್ಬರು ಓಡಿಸಿ ಮಾರುತ್ತಿರೋದು ಒಂದಿದೆ. ಆರು ತಿಂಗಳು. ಚೌಕಾಸಿ ಮಾಡಿದ್ರೆ ಐದೂಮುಕ್ಕಾಲಿಗೆ ಬರಬಹುದು."

ಫೋಟೋ ತೋರಿಸಿ ಅಂದೆ.